ಭೂಮಿ ಯಾರದು? ಒಂದು ಪ್ರಶ್ನೆ, ಹಲವು ಸಿದ್ಧಾಂತ

ಉದಾರವಾದ, ಸಮಾಜವಾದ, ಕಮ್ಯುನಿಸಂ, ಸರ್ವೋದಯ ಎಂಬ ಪದಗಳು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ವ್ಯಾಖ್ಯೆಗಳಾಗಿ ಪರಿಚಯವಾಗುತ್ತವೆ. ಪರೀಕ್ಷೆ ಮುಗಿಯುತ್ತಲೇ ಮರೆತುಹೋಗುತ್ತವೆ. ಆದರೆ ಹುಣಸೂರು, ಕೃಷ್ಣರಾಜನಗರದ ಕಡೆಯಿಂದ ಮೈಸೂರಿಗೆ ಓದಲು ಬರುವವರು ದಾಟಿ ಬರುವ ಇಲವಾಲದಲ್ಲಿ ಈ ಸಿದ್ಧಾಂತಗಳು ಒಮ್ಮೆ ಎದುರುಬದುರು ಕುಳಿತು ಚರ್ಚಿಸಿದ್ದವು. ಅವುಗಳ ಮುಂದಿದ್ದ ಪ್ರಶ್ನೆ ಒಂದೇ: ಭೂಮಿ ಯಾರದು?

ಅದು 1957ರ ಸೆಪ್ಟೆಂಬರ್. ಆಚಾರ್ಯ ವಿನೋಬಾ ಭಾವೆಯವರ ಪಾದಯಾತ್ರೆ ಮೈಸೂರು ರಾಜ್ಯದಲ್ಲಿತ್ತು. ಇಲವಾಲದಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ, ಸಮಾಜವಾದದಿಂದ ಸರ್ವೋದಯಕ್ಕೆ ಹೊರಳಿದ್ದ ಜಯಪ್ರಕಾಶ ನಾರಾಯಣ್ ಬಂದಿದ್ದರು. ಅದೇ ವರ್ಷ ಕೇರಳದಲ್ಲಿ ಅಧಿಕಾರಕ್ಕೆ ಬಂದಿದ್ದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಕೂಡ ಇದ್ದರು.

ಇವರ ಹಿಂದೆ ಮೂರು ಶತಮಾನಗಳ ವಾದವಿತ್ತು. ಮನುಷ್ಯ ತನ್ನ ದುಡಿಮೆ ಬೆರೆಸಿದ ಭೂಮಿ ಅವನ ಸ್ವತ್ತಾಗುತ್ತದೆ, ಅದನ್ನು ಕಾಪಾಡುವುದೇ ಸರ್ಕಾರದ ಕೆಲಸ ಎಂದು ಇಂಗ್ಲೆಂಡಿನ ಜಾನ್ ಲಾಕ್ 1689ರಲ್ಲಿ ಪ್ರತಿಪಾದಿಸಿದ. ಉದಾರವಾದದ ಬೇರುಗಳಲ್ಲಿ ಇದೂ ಒಂದು. 1848ರಲ್ಲಿ ಮಾರ್ಕ್ಸ್ ಮತ್ತು ಏಂಗೆಲ್ಸ್ ಇದನ್ನು ಬುಡಮೇಲು ಮಾಡಿದರು. ಖಾಸಗಿ ಒಡೆತನವೇ ಶೋಷಣೆಯ ಮೂಲ, ಅದು ಹೋಗಬೇಕು ಎಂಬುದು ಅವರ ನಿಲುವು. ಗಾಂಧೀಜಿ ಮೂರನೆಯ ದಾರಿ ತೋರಿದರು: ಸಿರಿವಂತನು ತನ್ನ ಸಂಪತ್ತಿಗೆ ಒಡೆಯನಲ್ಲ, ಧರ್ಮದರ್ಶಿ. ಇದರ ಮುಂದುವರಿಕೆಯಾಗಿ ವಿನೋಬಾ 1951ರಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂದಾನವನ್ನು ಆರಂಭಿಸಿದರು. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮಾರ್ಕ್ಸ್‌ನ ಸಮತೆಯನ್ನು ಗಾಂಧಿಯ ಸತ್ಯಾಗ್ರಹದ ಹಾದಿಯಲ್ಲಿ ಅರಸುವುದು ಈ ಸಮಾಜವಾದಿಗಳ ರೀತಿಯಾಗಿತ್ತು.

ಇಲವಾಲದಲ್ಲಿ ಎದ್ದ ತೊಡಕು ಗುರಿಯದಲ್ಲ, ದಾರಿಯದು. ಜಮೀನುದಾರನ ಮನಸ್ಸು ಕರಗಬೇಕೆಂಬುದು ವಿನೋಬಾರ ನಂಬಿಕೆ. ನೆಹರೂ ನೆಚ್ಚಿದ್ದು ಸಂಸದೀಯ ಶಾಸನವನ್ನು. ನಂಬೂದಿರಿಪಾಡ್ ಸರ್ಕಾರವಂತೂ ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತ್ತು. ಕೊನೆಗೆ ಸಮ್ಮೇಳನ ಗ್ರಾಮದಾನವನ್ನು ಒಮ್ಮತದಿಂದ ಸ್ವಾಗತಿಸಿತು. ಸರ್ಕಾರದ ಭೂಸುಧಾರಣೆಗೂ ಅದಕ್ಕೂ ವಿರೋಧವಿಲ್ಲವೆಂದಿತು. ಒಮ್ಮತ ಬಹುಕಾಲ ಬಾಳಲಿಲ್ಲ. 1959ರಲ್ಲಿ ಕೇಂದ್ರ ಸರ್ಕಾರ ಕೇರಳ ಸರ್ಕಾರವನ್ನು ವಜಾ ಮಾಡಿತು. ಕಾಂಗ್ರೆಸ್ಸಿನ ಸಹಕಾರಿ ಬೇಸಾಯದ ನಿರ್ಣಯವನ್ನು ವಿರೋಧಿಸಿದ ರಾಜಾಜಿ ಮೊದಲಾದವರು ಅದೇ ವರ್ಷ ಸ್ವತಂತ್ರ ಪಕ್ಷ ಕಟ್ಟಿದರು. ಲಾಕ್‌ನ ವಾದಕ್ಕೆ ಭಾರತದಲ್ಲಿ ಒಂದು ಬಾವುಟ ಸಿಕ್ಕಂತಾಯಿತು.

ದಾನದಿಂದ ಗೇಣಿ ಪದ್ಧತಿ ಅಳಿಯಲಿಲ್ಲ. 1961ರ ಭೂಸುಧಾರಣಾ ಕಾಯಿದೆಯಲ್ಲೂ ಸ್ವಂತ ಬೇಸಾಯದ ಹೆಸರಿನಲ್ಲಿ ಜಮೀನು ಹಿಂಪಡೆಯಲು ಒಡೆಯನಿಗೆ ಅವಕಾಶವಿತ್ತು. ಆ ಬಾಗಿಲು ಮುಚ್ಚಿದ್ದು ಇಲವಾಲದ ಮುಂದಿನ ಹುಣಸೂರಿನಿಂದ ಶಾಸಕರಾಗಿ ಬೆಳೆದ ದೇವರಾಜ ಅರಸು. 1972ರಲ್ಲಿ ಮುಖ್ಯಮಂತ್ರಿಯಾದ ಅವರು ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದ ವಶಕ್ಕೆ ಬಂದವು. ಉಳುವವನು ಏಳನೇ ನಮೂನೆಯ ಅರ್ಜಿ ಹಾಕಿ ಹಕ್ಕು ಕೇಳಬೇಕಿತ್ತು. ತೀರ್ಪು ಹೇಳಲು ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿ; ಅದರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬ ಸದಸ್ಯನಾದರೂ ಇರಬೇಕು, ವಕೀಲರಿಗೆ ಪ್ರವೇಶವಿಲ್ಲ. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ಇತ್ಯರ್ಥವಾದವು.

ಈ ಕಾನೂನಿಗೆ ಯಾವ ಸಿದ್ಧಾಂತದ ಹೆಸರಿಡಬೇಕು? ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಸಮಾಜವಾದಿಗಳದು. ಆದರೆ ರೈತನ ಕೈಗೆ ಬಂದದ್ದು ಸಾಮೂಹಿಕ ಒಡೆತನವಲ್ಲ, ಸ್ವಂತ ಹೆಸರಿನ ಪಹಣಿ. ದುಡಿದವನಿಗೇ ಸ್ವತ್ತು ಎಂದ ಲಾಕ್ ಬೇರೊಂದು ದಾರಿಯಿಂದ ಇಲ್ಲಿಗೆ ಬಂದ ಹಾಗಿದೆ. ಎಡಪಂಥೀಯರ ಕಣ್ಣಿಗೆ ಇದು ಅರೆಬರೆ ಸುಧಾರಣೆ. ಅತ್ತ ಬಾಳಿನ ಆಸರೆಗೆಂದು ತುಂಡು ಜಮೀನನ್ನು ವಾರಕ್ಕೆ ಕೊಟ್ಟಿದ್ದ ವಿಧವೆಗೆ ಇದು ಅನ್ಯಾಯ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಗೇಣಿ ಹಿಡಿದವನಿಗೆ ಹಕ್ಕು ಸಿಕ್ಕಿತು. ಕೂಲಿಗೆ ಬಂದವನು ಕೂಲಿಯಾಗಿಯೇ ಉಳಿದ. ಅಂಥವರಲ್ಲಿ ದಲಿತರೇ ಬಹಳ. ಭೂಮಿಯ ಜೊತೆ ಘನತೆಯನ್ನೂ ಕೇಳುವ ಅಂಬೇಡ್ಕರ್‌ವಾದ ಆ ದಶಕದಲ್ಲೇ ದಲಿತ ಸಂಘರ್ಷ ಸಮಿತಿಯ ಮೂಲಕ ಊರೂರಿಗೆ ತಲುಪಿದ್ದು ಆಕಸ್ಮಿಕವಲ್ಲ. ಹೆಗ್ಗಡದೇವನಕೋಟೆಯ ಕಾಡಿನ ಜೇನುಕುರುಬರಿಗಂತೂ ಗೇಣಿಯ ಲೆಕ್ಕವೇ ಅನ್ವಯಿಸುತ್ತಿರಲಿಲ್ಲ. ಕಾಡಿನಲ್ಲಿ ಬಾಳಿದವರ ಹಕ್ಕನ್ನು ಒಪ್ಪುವ ಕಾಯಿದೆ ಬರಲು 2006ರವರೆಗೆ ಕಾಯಬೇಕಾಯಿತು.

2020ರಲ್ಲಿ ಗಾಳಿ ಇನ್ನೊಂದು ಕಡೆಗೆ ಬೀಸಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ ನಿರ್ಬಂಧವನ್ನು ಕರ್ನಾಟಕ ತೆಗೆದುಹಾಕಿತು. ಮಾರುವ ಸ್ವಾತಂತ್ರ್ಯ ರೈತನಿಗೂ ಬೇಕು ಎಂದರು ಕೆಲವರು. ಭೂಮಿ ಮತ್ತೆ ಹಣವಂತರ ಪಾಲಾಗುತ್ತದೆ ಎಂದವು ರೈತ ಸಂಘಟನೆಗಳು. ಈ ಎರಡು ಮಾತುಗಳಲ್ಲೂ ಇಲವಾಲದ ಚರ್ಚೆಯ ಪ್ರತಿಧ್ವನಿ ಇದೆ. ನಾಲೆ ಬಯಲಿನ ಮನೆಯಿಂದ ಬಂದ ವಿದ್ಯಾರ್ಥಿ ತನ್ನ ಮನೆಯ ಪಹಣಿಯಲ್ಲಿ ಯಾರ ಹೆಸರು ಹೇಗೆ ಬಂತೆಂದು ಹಿರಿಯರನ್ನು ಕೇಳಿದರೆ, ಪಠ್ಯದ ಆ ಒಣ ಪದಗಳಿಗೆ ಅಲ್ಲೇ ಅರ್ಥ ಹುಟ್ಟುತ್ತದೆ. ಪಹಣಿಯೇ ಇಲ್ಲದ ಮನೆಯ ಪಕ್ಕದ ಸಹಪಾಠಿಯನ್ನೂ ಕೇಳಿದರೆ ಪಾಠ ಪೂರ್ತಿಯಾಗುತ್ತದೆ.