ಹಠಾತ್ ಸಂಕಟದಲ್ಲಿ ಕುಟುಂಬಗಳಿಗೆ ಚರ್ಚಿನ ನೆರವು: ಸಂತ ವಿನ್ಸೆಂಟ್ ಡಿ ಪಾಲ್ ಪರಂಪರೆ

ಮನೆಯ ಯಜಮಾನರು ಹಠಾತ್ತನೆ ತೀರಿಕೊಂಡಾಗ ಕುಟುಂಬಕ್ಕೆ ಎದುರಾಗುವ ಮೊದಲ ಕಷ್ಟವನ್ನು ಬ್ಯಾಂಕಿನ ಕೌಂಟರಿನ ಈಚೆ ಕುಳಿತ ನಾವು ಹಲವು ಬಾರಿ ಕಂಡಿದ್ದೇವೆ. ಖಾತೆಯಲ್ಲಿ ಹಣವಿರುತ್ತದೆ. ಆದರೆ ಖಾತೆ ಅವರೊಬ್ಬರ ಹೆಸರಿನಲ್ಲೇ ಇದ್ದು, ನಾಮನಿರ್ದೇಶನವೂ ಆಗಿರದಿದ್ದರೆ, ಕಾಗದಪತ್ರಗಳು ಪೂರ್ಣಗೊಳ್ಳುವ ತನಕ ಆ ಹಣ ಮನೆಯವರ ಕೈಗೆ ಬರುವುದಿಲ್ಲ. ಅಕ್ಕಿ, ಔಷಧಿ, ಬಾಡಿಗೆಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಈ ನಡುವಿನ ದಿನಗಳನ್ನು ದಾಟಿಸುವುದೇ ತುರ್ತು ನೆರವಿನ ಕೆಲಸ. ಕ್ಯಾಥೋಲಿಕ್ ಧರ್ಮಸಭೆಯಲ್ಲಿ ಈ ಕೆಲಸ ಒಂದು ವ್ಯವಸ್ಥೆಯಾಗಿ ಬೆಳೆದು ಬಂದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಪರಿಚಯಿಸುತ್ತಿದ್ದೇವೆ.

ಒಂದು ಹಳ್ಳಿಯ ಪಾಠ

1617ರ ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನ ಶಾತಿಯೋಂ ಎಂಬ ಊರಿನಲ್ಲಿ ವಿನ್ಸೆಂಟ್ ಡಿ ಪಾಲ್ (1581-1660) ಪಾದ್ರಿಯಾಗಿದ್ದರು. ಊರಾಚೆಯ ಒಂಟಿ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳುವವರಿಲ್ಲ ಎಂಬ ಸುದ್ದಿ ಭಾನುವಾರದ ಪೂಜೆಗೆ ಮುನ್ನ ಅವರಿಗೆ ತಲುಪಿತು. ಪ್ರವಚನದಲ್ಲಿ ಅದನ್ನು ಹೇಳಿದರು. ಸಂಜೆ ಅವರು ಅತ್ತ ಹೊರಟಾಗ ದಾರಿಯುದ್ದಕ್ಕೂ ಆಹಾರ ಕೊಟ್ಟು ಬರುವವರು, ಕೊಡಲು ಹೋಗುವವರು ತುಂಬಿದ್ದರು. ಇಂದು ಬಂದದ್ದೆಲ್ಲ ಕೆಟ್ಟುಹೋಗಿ, ಕೆಲವೇ ದಿನಗಳಲ್ಲಿ ಆ ಮನೆ ಮತ್ತೆ ಹಸಿವಿಗೆ ಬೀಳುವುದೆಂದು ಅವರಿಗೆ ಹೊಳೆಯಿತು. ಕರುಣೆಗೆ ಕೊರತೆಯಿರಲಿಲ್ಲ; ಕೊರತೆಯಿದ್ದುದು ವ್ಯವಸ್ಥೆಗೆ.

ಆದ್ದರಿಂದ ಅವರು ಊರಿನ ಮಹಿಳೆಯರ ಒಂದು ಸೇವಾಸಂಘವನ್ನು ಕಟ್ಟಿ, ದಿನಕ್ಕೊಬ್ಬರಂತೆ ಸರದಿ ಗೊತ್ತುಮಾಡಿದರು. ಅದರ ನಿಯಮಾವಳಿಯಲ್ಲಿ ಹಣದ ಲೆಕ್ಕ ಇಡುವ ಕ್ರಮದ ಜೊತೆಗೆ ರೋಗಿಗೆ ಊಟ ಬಡಿಸುವ ರೀತಿಯೂ ಇದೆ. ಮನೆಯವರು ಜೊತೆಗಿರುವ ರೋಗಿಯಿಂದ ಆರಂಭಿಸಿ ಒಂಟಿಯಾಗಿರುವವರ ಬಳಿಗೆ ಕೊನೆಯಲ್ಲಿ ಹೋಗಬೇಕು, ಆಗ ಅವರೊಡನೆ ಹೆಚ್ಚು ಹೊತ್ತು ಇರಬಹುದು ಎಂಬುದು ಅದರಲ್ಲಿನ ಒಂದು ಸೂಚನೆ.

ವಿದ್ಯಾರ್ಥಿಗಳ ಸಂಘಟನೆ

ಎರಡು ಶತಮಾನಗಳ ನಂತರ, 1832ರಲ್ಲಿ, ಪ್ಯಾರಿಸ್ ನಗರದಲ್ಲಿ ಕಾಲರಾ ಹರಡಿ ಸಾವಿರಾರು ಜನ ಅಸುನೀಗಿದರು. ದುಡಿಯುವ ಕೈಗಳನ್ನು ಕಳೆದುಕೊಂಡ ಮನೆಗಳು ಬೀದಿಗೆ ಬಿದ್ದವು. 1833ರ ಏಪ್ರಿಲ್ 23ರಂದು ಕಾನೂನು ವಿದ್ಯಾರ್ಥಿ ಫ್ರೆಡರಿಕ್ ಓಜಾನಂ ಮತ್ತು ಗೆಳೆಯರು, ಹಿರಿಯರಾದ ಎಮ್ಯಾನುಯೆಲ್ ಬಯಿ ಅವರ ಪತ್ರಿಕಾ ಕಚೇರಿಯಲ್ಲಿ ಸಭೆ ಸೇರಿದರು. ಅಂದು ಓಜಾನಂ ಅವರಿಗೆ ಇಪ್ಪತ್ತು ವರ್ಷ ತುಂಬಿತ್ತು. ಬಡವರ ಕೇರಿಗಳನ್ನು ಚೆನ್ನಾಗಿ ಬಲ್ಲ ಸಿಸ್ಟರ್ ರೋಸಲಿ ರಂದು ಅವರು ಈ ಯುವಕರಿಗೆ ಕಷ್ಟದಲ್ಲಿರುವ ಕುಟುಂಬಗಳನ್ನು ತೋರಿಸಿದರು, ಮೊದಮೊದಲು ಹಂಚಲು ಆಹಾರದ ಚೀಟಿಗಳನ್ನೂ ಕೊಟ್ಟರು. ಹೀಗೆ ಸಂತ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಹುಟ್ಟಿತು. ಇಂದು ಅದು ಸುಮಾರು 150 ದೇಶಗಳಲ್ಲಿದೆ. ಓಜಾನಂ ಅವರನ್ನು 1997ರಲ್ಲಿ, ಸಿಸ್ಟರ್ ರೋಸಲಿಯವರನ್ನು 2003ರಲ್ಲಿ ಚರ್ಚ್ 'ಪುನೀತ'ರೆಂದು ಘೋಷಿಸಿತು.

ಕಾರ್ಯವಿಧಾನ

ಸೊಸೈಟಿಯ ಸ್ಥಳೀಯ ಘಟಕಕ್ಕೆ 'ಕಾನ್ಫರೆನ್ಸ್' ಎಂದು ಹೆಸರು. ಸಾಮಾನ್ಯವಾಗಿ ಇದು ಒಂದು ಚರ್ಚಿನ ವ್ಯಾಪ್ತಿಗೆ ಸೇರಿರುತ್ತದೆ. ನೆರವು ಕೇಳಿದವರ ಮನೆಗೆ ಸದಸ್ಯರು ಇಬ್ಬಿಬ್ಬರಾಗಿ ಭೇಟಿ ನೀಡಿ, ಅಗತ್ಯವೇನೆಂದು ಕಣ್ಣಾರೆ ಕಾಣುತ್ತಾರೆ. ಬಳಿಕ ದಿನಸಿ, ಔಷಧಿ, ಬಾಡಿಗೆ, ಶಾಲಾ ಶುಲ್ಕ ಮುಂತಾದ ರೂಪದಲ್ಲಿ ಸಹಾಯ ಸಲ್ಲುತ್ತದೆ. ಜಾತಿ ಮತಗಳ ಭೇದವಿಲ್ಲ. ನೆರವು ಪಡೆದವರ ವಿಷಯವನ್ನು ಗುಟ್ಟಾಗಿ ಇಡಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಸಭೆಯಲ್ಲಿ ಸದಸ್ಯರು ಕೊಡುವ ಕಾಣಿಕೆಯೂ ಗುಪ್ತವೇ. ಯಾರು ಎಷ್ಟು ಹಾಕಿದರೆಂಬುದು ಪಕ್ಕದವರಿಗೂ ತಿಳಿಯದು. ಕರಾವಳಿಯಿಂದ ವಲಸೆ ಬಂದ ನಮ್ಮ ಕ್ರೈಸ್ತ ಬಾಂಧವರು ನೆಲೆಸಿರುವ ಮುಂಬಯಿಯ ಚರ್ಚುಗಳಲ್ಲಿಯೂ ಇಂತಹ ಘಟಕಗಳು ಸೇವೆ ಸಲ್ಲಿಸುತ್ತಿವೆ.

ನಾವು ಕಲಿಯಬೇಕಾದದ್ದು

ಮದುವೆಮನೆಯ ಮುಯ್ಯಿ, ಸಾವಿನ ಮನೆಗೆ ನೆರೆಯವರು ಒಯ್ಯುವ ಅಡಿಗೆ, ಇವು ನಮ್ಮ ಊರುಗಳು ಕಂಡುಕೊಂಡಿದ್ದ ವ್ಯವಸ್ಥೆಗಳು. ಮಹಾನಗರದ ಫ್ಲಾಟಿನ ಮುಚ್ಚಿದ ಬಾಗಿಲ ಹಿಂದೆ ಅವು ತಾವಾಗಿ ನಡೆಯವು. ಮರ್ಯಾದಸ್ಥ ಕುಟುಂಬಕ್ಕೆ ಹಸಿವಿಗಿಂತಲೂ ಬಾಯಿಬಿಟ್ಟು ಕೇಳುವ ಸಂಕೋಚವೇ ದೊಡ್ಡದು. ಆದುದರಿಂದ ಪ್ರತಿ ಕನ್ನಡ ಸಂಘದಲ್ಲಿಯೂ ಒಂದು ಚಿಕ್ಕ ನಿಧಿ, ಮನೆಗೆ ಹೋಗಬಲ್ಲ ಇಬ್ಬರು ನಂಬಿಕಸ್ಥರು, ಹೊರಗೆ ಬಾರದ ಒಂದು ಲೆಕ್ಕದ ಪುಸ್ತಕ ಇದ್ದರೆ ಸಾಕು, ಕೆಲಸ ಆರಂಭವಾಗುತ್ತದೆ. ವಾರ್ಷಿಕ ವರದಿಯಲ್ಲಿ ಫಲಾನುಭವಿಗಳ ಹೆಸರು, ಭಾವಚಿತ್ರಗಳು ಬೇಡ.

ಜೊತೆಗೆ ಓದುಗರಲ್ಲಿ ನಮ್ಮದೊಂದು ವಿನಂತಿ: ತಮ್ಮ ಖಾತೆಗಳಿಗೆ ನಾಮನಿರ್ದೇಶನ ಆಗಿದೆಯೇ ಎಂದು ಈ ವಾರವೇ ಪರಿಶೀಲಿಸಿಕೊಳ್ಳಿರಿ. ಅದು ನಮ್ಮ ಮನೆಗೆ ನಾವೇ ಮುಂಚಿತವಾಗಿ ಮಾಡಿಡುವ ತುರ್ತು ನೆರವು.