ನಮ್ಮ ಕೆಲಸ, ನಮ್ಮ ಕಥೆ – ಭಾಗ 7: ಸಾವಿನ ಮುಂದೆ ಒಂದು ನಿಮಿಷ

ಕಳೆದ ಭಾಗ ಓದಿ ಊರಿನಿಂದ ಹಲವರು ಕೇಳಿದ್ರಿ: "ಇಷ್ಟೊಂದು ಸಾವು ನೋಡ್ತಾ ಮನಸ್ಸು ಕಲ್ಲಾಗಲ್ವಾ?" ಕಲ್ಲಾಗಬೇಕು ಅಂತಲೇ ನಮ್ಮ ವೃತ್ತಿ ಬಹಳ ಕಾಲ ನಂಬಿತ್ತು. ಆ ಚರಿತ್ರೆ ಇವತ್ತು ಹೇಳ್ತೀನಿ.

ಲಂಡನ್ನಿನ ದೊಡ್ಡ ಆಸ್ಪತ್ರೆಯೊಂದರ ನರ್ಸ್‌ಗಳನ್ನು ಅಧ್ಯಯನ ಮಾಡಿ, ಮನೋವಿಶ್ಲೇಷಕಿ ಇಸಬೆಲ್ ಮೆಂಜೀಸ್ 1960ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ರು. ಅಲ್ಲಿ ರೋಗಿಯನ್ನು ಹೆಸರಿಂದಲ್ಲ, ಬೆಡ್ ನಂಬರಿಂದ, ಕಾಯಿಲೆಯಿಂದ ಗುರುತಿಸ್ತಿದ್ರು. ಯಾರೂ ಯಾರಿಗೂ ಹತ್ತಿರವಾಗದ ಹಾಗೆ ಕೆಲಸ ಹಂಚಿ, ನರ್ಸ್‌ಗಳನ್ನು ವಾರ್ಡಿನಿಂದ ವಾರ್ಡಿಗೆ ಕಳಿಸ್ತಿದ್ರು. ನಿಯಮ ಎಷ್ಟು ಬಿಗಿ ಅಂದ್ರೆ, ಮಲಗಿದವರನ್ನು ಎಬ್ಬಿಸಿ ನಿದ್ರೆ ಮಾತ್ರೆ ಕೊಡೋರು! ಇದೆಲ್ಲ ಸಂಕಟದಿಂದ ತಪ್ಪಿಸಿಕೊಳ್ಳೋಕೆ ಕಟ್ಟಿದ ಗೋಡೆ ಅಂತ ಮೆಂಜೀಸ್ ಗುರುತಿಸಿದ್ರು. ಗೋಡೆ ಯಾರನ್ನೂ ಕಾಪಾಡಲಿಲ್ಲ. ಸುಮಾರು ಮೂರರಲ್ಲಿ ಒಬ್ಬರು ವಿದ್ಯಾರ್ಥಿಗಳು ತರಬೇತಿ ಮುಗಿಸದೆ ಹೋಗ್ತಿದ್ರು. ಒಳ್ಳೆಯ ನರ್ಸ್ ಆಗಬಹುದಾಗಿದ್ದವರೂ ಅವರಲ್ಲಿದ್ರು.

ನಾನು ಬಿಎಸ್ಸಿ ನರ್ಸಿಂಗ್ ಓದುವಾಗಲೂ "ಹನ್ನೆರಡನೇ ಬೆಡ್ ಹೋಯ್ತು" ಅನ್ನೋ ಮಾತು ಕೇಳಿದ್ದೀನಿ.

ಗೋಡೆಗೆ ಬದಲಾಗಿ ಏನು? 2009ರ ಸುಮಾರಿಗೆ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ತುರ್ತು ವಿಭಾಗದ ನರ್ಸ್ ಜೊನಾಥನ್ ಬಾರ್ಟೆಲ್ಸ್ ಒಂದು ಸರಳ ರೂಢಿ ಶುರು ಮಾಡಿದ್ರು. ರೋಗಿ ತೀರಿಕೊಂಡ ಮೇಲೆ ಡಾಕ್ಟರ್, ನರ್ಸ್ ಎಲ್ಲರೂ ಅಲ್ಲೇ ಒಂದು ನಿಮಿಷದಷ್ಟು ಮೌನವಾಗಿ ನಿಲ್ಲೋದು. ಈ ವ್ಯಕ್ತಿ ಬದುಕಿದ್ದರು, ಯಾರಿಗೋ ಬೇಕಾದವರಾಗಿದ್ದರು, ಉಳಿಸಲು ನಾವೆಲ್ಲ ಪ್ರಯತ್ನಪಟ್ಟೆವು ಅಂತ ನೆನೆಯೋದು. ಮೌನ ಆದ್ದರಿಂದ ಯಾವ ಧರ್ಮದವರಿಗೂ ಅಡ್ಡಿಯಿಲ್ಲ. 'ದಿ ಪಾಝ್' ಅನ್ನೋ ಹೆಸರಲ್ಲಿ ಇದು ಅನೇಕ ಆಸ್ಪತ್ರೆಗಳಿಗೆ ಹರಡಿತು.

ನಮಗಿದು ಹೊಸದಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚಲ್ಲ, ಪಕ್ಕದ ಮನೆಯಿಂದ ಊಟ ಬರುತ್ತೆ. ದುಃಖಕ್ಕೆ ಊರೇ ಜಾಗ ಮಾಡಿಕೊಡುತ್ತೆ. ಆಸ್ಪತ್ರೆಯಲ್ಲಿ ಆ ಜಾಗ ಇರಲಿಲ್ಲ. ಬೆಡ್ ಒರೆಸಬೇಕು, ಮುಂದಿನ ರೋಗಿ ಕಾಯ್ತಿರ್ತಾರೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಮಾತ್ರ ಆ ಜಾಗವೇ ಮುಖ್ಯ. 1999ರಿಂದ ಅಲ್ಲಿ, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಕೊನೆಯವರೆಗೂ ನೋಡಿಕೊಳ್ತಾರೆ.

ಹಾಗಾಗಿ ನನ್ನ ಉತ್ತರ: ಕಲ್ಲಾಗಲ್ಲ, ಆಗೋದೂ ಬೇಡ. ದೇಹ ಒರೆಸುವಾಗ ನಾನು ಈಗಲೂ ಅವರ ಹೆಸರು ಹಿಡಿದೇ ಮಾತಾಡಿಸ್ತೀನಿ. ಕೆಲವು ದಿನ ಫುಲ್‌ಶೀರ್‌ಗೆ ಕಾರಲ್ಲಿ ವಾಪಸ್ ಬರುವಾಗ ಅಳು ಬರುತ್ತೆ. ಅತ್ತುಬಿಡ್ತೀನಿ. ಮಾರನೇ ದಿನ ಮತ್ತೆ ಡ್ಯೂಟಿ.

ಮುಂದಿನ ಭಾಗದಲ್ಲಿ ನೈಟ್ ಶಿಫ್ಟ್ ಕಥೆ.