ಮುಕ್ಕಾಲು ಮುಚ್ಚಿದ ವಾಲ್ವ್‌ನಲ್ಲಿ ತಣ್ಣೀರು ಕುದಿಯೋದು ಹೇಗೆ?

ಮೇಲಿನ ಬೀದಿಗೆ ನೀರು ಹತ್ತಲಿ ಅಂತ ಊರಿನ ನೀರಗಂಟಿ ಕೆಳಗಿನ ಬೀದಿಯ ವಾಲ್ವನ್ನು ಮುಕ್ಕಾಲು ಮುಚ್ಚುತ್ತಾರೆ. ಕೆಲವೊಮ್ಮೆ ಒಳಗಿಂದ ಜಲ್ಲಿ ಉರುಳಿದಂಥ ಸದ್ದು ಬರುತ್ತದೆ. ಪೈಪಿನಲ್ಲಿ ಜಲ್ಲಿ ಇಲ್ಲ. ಅದು ಕ್ಯಾವಿಟೇಶನ್.

ಇಕ್ಕಟ್ಟಿನ ಸಂದಿಯಲ್ಲಿ ನೀರಿನ ವೇಗ ಏರುತ್ತದೆ, ಒತ್ತಡ ಕುಸಿಯುತ್ತದೆ. ಆವಿಯೊತ್ತಡದ ಮಟ್ಟಕ್ಕೆ, ಅಂದರೆ 30 ಡಿಗ್ರಿಯಲ್ಲಿ ಸುಮಾರು 4.2 ಕಿಲೋಪ್ಯಾಸ್ಕಲ್‌ಗೆ ಇಳಿದರೆ ತಣ್ಣೀರೇ ಕುದಿಯುತ್ತದೆ. ಹುಟ್ಟಿದ ಗುಳ್ಳೆಗಳು ಮುಂದೆ ಒತ್ತಡ ಮರಳಿದಲ್ಲಿ ಥಟ್ಟನೆ ಒಳಕುಸಿಯುತ್ತವೆ. ಲೋಹದ ಪಕ್ಕದಲ್ಲೇ ಕುಸಿದರೆ ಪ್ರತಿ ಗುಳ್ಳೆಯದ್ದೂ ಒಂದು ಸುತ್ತಿಗೆ ಪೆಟ್ಟು. ವಾಲ್ವ್ ಕ್ರಮೇಣ ಗೆದ್ದಲು ತಿಂದ ತೊಲೆಯಂತಾಗುತ್ತದೆ. ಹೀಗೆ ಕುಸಿಯುವ ಗುಳ್ಳೆಯ ಗಣಿತವನ್ನು ಲಾರ್ಡ್ ರೇಲೀ 1917ರಲ್ಲೇ ಬರೆದಿದ್ದರು.

ಇದನ್ನು ಕಂಪ್ಯೂಟರ್‌ನಲ್ಲಿ ಮೊದಲೇ ನೋಡಬಹುದು. ವಾಲ್ವ್‌ನ ಒಳಜಾಗವನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ಕತ್ತರಿಸಿ, ಪ್ರತಿ ಕೋಶದಲ್ಲೂ ವೇಗ, ಒತ್ತಡ ಮತ್ತು ಆವಿಯ ಪಾಲನ್ನು ಲೆಕ್ಕ ಹಾಕುತ್ತಾರೆ. ನೀರು ಎಷ್ಟು ಬೇಗ ಆವಿಯಾಗುತ್ತದೆ ಎನ್ನುವುದಕ್ಕೆ ಶ್ನೆರ್–ಸಾವರ್‌ನಂಥ ಮಾದರಿಗಳಿವೆ. ಉಚಿತವಾದ ಓಪನ್‌ಫೋಮ್‌ನಲ್ಲೂ ಅದು ಸಿಗುತ್ತದೆ. ಆದರೆ ನೀರಿನಲ್ಲಿ ಮೊದಲೇ ಎಷ್ಟು ಸೂಕ್ಷ್ಮ ಗುಳ್ಳೆಗಳಿವೆ ಎಂಬ ಸಂಖ್ಯೆಯನ್ನು ನಾವೇ ಕೊಡಬೇಕು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ವಿ.ಎಚ್. ಅರಕೇರಿ, ಅಲನ್ ಅಕೋಸ್ಟಾ ಜೊತೆ 1973ರಲ್ಲಿ ಇನ್ನೊಂದು ತೊಡಕು ತೋರಿಸಿದ್ದರು: ಮೈಗಂಟಿ ಹರಿಯುವ ತೆಳು ನೀರಿನ ಪದರ ಎಲ್ಲಿ ಬೇರ್ಪಡುತ್ತದೆ ಎಂಬುದರ ಮೇಲೂ ಗುಳ್ಳೆಯ ಹುಟ್ಟು ನಿಂತಿದೆ. ಕೋಶಗಳು ದಪ್ಪವಾಗಿದ್ದರೆ ಆ ಪದರ ಲೆಕ್ಕಕ್ಕೇ ಸಿಗಲ್ಲ. ಬಣ್ಣಬಣ್ಣದ ಚಿತ್ರ ಮಾತ್ರ ಚೆನ್ನಾಗೇ ಬರುತ್ತದೆ.

ಗಾಳಿಯ ಒತ್ತಡದ್ದೂ ಒಂದು ಕಥೆ. ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ 101325 ಪ್ಯಾಸ್ಕಲ್ ಅಂತ ಮೊದಲೇ ತುಂಬಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ, 10.3 ಮೀಟರ್ ನೀರಿನ ಕಂಬಕ್ಕೆ ಸಮ. (ಇಂಜಿನಿಯರಿಂಗ್ ಓದುವಾಗ ನಾನೂ ಅದನ್ನು ಮುಟ್ಟದೆ ರನ್ ಒತ್ತಿದವನೇ.) ಬೆಳ್ಳೂರು, ನಾಗಮಂಗಲದ ಎತ್ತರದಲ್ಲಿ ಸಿಗೋದು ಸುಮಾರು 9.5 ಮೀಟರ್. 60 ಮೀಟರ್ ಒತ್ತಡದ ಪೈಪ್‌ಲೈನಿಗೆ ಈ ವ್ಯತ್ಯಾಸ ಸಣ್ಣದು. ಪಕ್ಕದ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಹೆಚ್ಚುವರಿ ನೀರನ್ನು ತಾನಾಗಿ ಹೊರಹಾಕುವ ಸೈಫನ್‌ಗಳಿವೆ ನೋಡಿ, ಅಂಥ ರಚನೆಗೆ ಸಣ್ಣದಲ್ಲ. ಸೈಫನ್ನಿನ ನೆತ್ತಿಯಲ್ಲಿ ಒತ್ತಡ ವಾತಾವರಣಕ್ಕಿಂತ ಕೆಳಗಿರುತ್ತದೆ, ಅಲ್ಲಿ ಪ್ರತಿ ಅರ್ಧ ಮೀಟರೂ ಲೆಕ್ಕಕ್ಕೆ ಬರುತ್ತದೆ.

ಇದು ನಮ್ಮ ತೆರಿಗೆಯ ವಿಷಯವೂ ಹೌದು. ಸ್ಲೂಸ್ ವಾಲ್ವ್‌ಗೆ ಐಎಸ್ 14846 ಮಾನದಂಡವಿದೆ. ಅದರ ನೀರೊತ್ತಡ ಪರೀಕ್ಷೆ ಹೇಳೋದು ಬಾಡಿ ತಡೆಯುತ್ತದೆಯೇ, ಮುಚ್ಚಿದಾಗ ಸೋರುತ್ತದೆಯೇ ಅಂತ. ಅರ್ಧ ತೆರೆದು ವರ್ಷಗಟ್ಟಲೆ ಬಿಟ್ಟರೆ ಏನಾಗುತ್ತದೆ ಅನ್ನೋದು ಬೇರೆಯೇ ಪ್ರಶ್ನೆ. ಈ ವಾಲ್ವ್ ಇರೋದೇ ಪೂರ್ತಿ ತೆರೆಯಲು ಇಲ್ಲವೇ ಪೂರ್ತಿ ಮುಚ್ಚಲು. ಹರಿವು ಹೊಂದಿಸಲು ಬೇರೆ ಬಗೆಯ ವಾಲ್ವ್‌ಗಳಿವೆ, ಅವಕ್ಕೆ ಹೆಚ್ಚು ದುಡ್ಡು. ಟೆಂಡರ್‌ನಲ್ಲಿ ಅದನ್ನು ಕೇಳದಿದ್ದರೆ ಕಡಿಮೆ ದರ ಕೂಗಿದವರು ಕೊಡೋದು ಅಗ್ಗದ್ದನ್ನೇ.

ಹಾಗಾಗಿ ನಿಮ್ಮೂರಿನ ನೀರಿನ ಯೋಜನೆ ಬಗ್ಗೆ ಆರ್‌ಟಿಐ ಹಾಕುವಾಗ ಪೈಪಿನ ಉದ್ದದ ಜೊತೆ ಇದನ್ನೂ ಕೇಳಿ: ವಾಲ್ವ್‌ನ ಹಿಂದೆ, ಮುಂದೆ ಒತ್ತಡ ಎಷ್ಟು? ಎಷ್ಟು ತೆರೆದಾಗ ಕ್ಯಾವಿಟೇಶನ್ ಶುರುವಾಗುತ್ತದೆ? ಆ ಅಂಕಿ ಸಿಮ್ಯುಲೇಶನ್‌ನಿಂದ ಮಾತ್ರ ಬಂದದ್ದೋ, ಪಾಲಕ್ಕಾಡ್‌ನ ಫ್ಲೂಯಿಡ್ ಕಂಟ್ರೋಲ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಂಥ ಕಡೆ ನೀರು ಹರಿಸಿ ಅಳೆದದ್ದೋ?